ತರಗೆಲೆ ಎಳೆಯುವ ಮೆಷಿನ್: ಪೆಟ್ರೋಲ್ ಹಾಕುವ ಮೊದಲು ಹತ್ತು ನಿಮಿಷ ಕಾಯಿರಿ

ನೀರ್ಚಾಲಿನ ಅಣ್ಣನಿಗೆ,

ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ನೋಡಿದೆ. ದನದ ಹಟ್ಟಿಗೆ ಹಾಸಲು ಗೇರು, ಹಲಸಿನ ತರಗೆಲೆ ಒಟ್ಟು ಮಾಡಬೇಕೆಂದು, ಎಲೆ ಎಳೆದು ಪುಡಿ ಮಾಡಿ ಚೀಲಕ್ಕೆ ತುಂಬುವ ಪೆಟ್ರೋಲ್ ವ್ಯಾಕ್ಯೂಮ್ ತೆಗೆದುಕೊಂಡಿದ್ದೀರಿ. ಆಯಿಲ್ ಎಷ್ಟು ಬೆರೆಸಬೇಕು, ನಡುವೆ ಎಲೆ ಸಿಕ್ಕಿಕೊಂಡರೆ ಏನು ಮಾಡಬೇಕು, ಕಾಲೇಜಿಗೆ ಹೋಗುವ ಮಗನ ಕೈಗೆ ಕೊಡಬಹುದಾ ಎಂದು ಕೇಳಿದ್ದೀರಿ. ಪೆರ್ಲದ ಹತ್ತಿರ ನಮ್ಮ ಮನೆಯಲ್ಲಿ ಇಂಥದ್ದೇ ಮೆಷಿನ್ ಮೂರು ಬೇಸಿಗೆ ಕೆಲಸ ಮಾಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನನಗೆ ಹೆಚ್ಚು ಹೆದರಿಕೆ ಪೆಟ್ರೋಲ್ ಹಾಕುವ ಹೊತ್ತಿನದ್ದು. ಕಳೆದ ವರ್ಷ ಭಾವ ಅರ್ಧ ಅಂಗಳ ಮುಗಿಸುವಾಗ ಟ್ಯಾಂಕ್ ಖಾಲಿಯಾಯಿತು. ಮೆಷಿನ್ ನಿಂತ ಕೂಡಲೇ ಕ್ಯಾನ್ ಎತ್ತಿ ಹೊಯ್ದರು. ಎರಡು ಚಮಚದಷ್ಟು ಸೈಲೆನ್ಸರ್ ಮೇಲೆ ಚೆಲ್ಲಿತು, ಬುಗ್ಗನೆ ಹತ್ತಿಕೊಂಡಿತು. ಅಕ್ಕ ಹಟ್ಟಿಯ ಬದಿಯಲ್ಲಿದ್ದ ಒದ್ದೆ ಗೋಣಿ ತಂದು ಮುಚ್ಚಿದಳು. ಭಾವನ ಮುಂಗೈ ಸುಟ್ಟಿತು, ಅಷ್ಟರಲ್ಲೇ ಮುಗಿಯಿತು. ಅವಳು ಗಾಬರಿಯಲ್ಲಿ ಬಕೆಟ್ ನೀರು ಹೊಯ್ದಿದ್ದರೆ ಪೆಟ್ರೋಲ್ ನೀರಿನ ಮೇಲೆ ತೇಲಿ, ಬೆಂಕಿ ಸೀದಾ ತರಗೆಲೆ ರಾಶಿಗೆ ಹೋಗುತ್ತಿತ್ತು. ಅಂದಿನಿಂದ ಕೆಲಸ ಶುರು ಮಾಡುವ ಮೊದಲೇ ಒಂದು ಒದ್ದೆ ಗೋಣಿ, ಒಂದು ಬುಟ್ಟಿ ಹೊಯ್ಗೆ (ಮರಳು) ಅಂಗಳದಲ್ಲಿ ಇಟ್ಟುಕೊಳ್ಳುತ್ತೇವೆ.

ಹಾಗಾಗಿ ಟ್ಯಾಂಕ್ ಖಾಲಿಯಾದರೆ ಮೆಷಿನ್ ನೆಲದಲ್ಲಿಟ್ಟು ಕನಿಷ್ಠ ಹತ್ತು ನಿಮಿಷ ಬಿಡಿ. ಒಂದು ಲೋಟ ಮಜ್ಜಿಗೆ ಕುಡಿದು ಬನ್ನಿ. ಆಮೇಲೆ ಎಲೆ ಇಲ್ಲದ ಬಯಲು ಜಾಗದಲ್ಲಿ ಮುಚ್ಚಳ ನಿಧಾನವಾಗಿ ತೆರೆಯಿರಿ. ಒಳಗೆ ಒತ್ತಡ ಇರುತ್ತದೆ, ಒಮ್ಮೆಲೇ ತಿರುಗಿಸಿದರೆ ಚಿಮ್ಮುತ್ತದೆ. ಆಲಿಕೆ ಇಟ್ಟು ಹೊಯ್ಯಿರಿ, ಕಂಠದವರೆಗೆ ತುಂಬಬೇಡಿ. ಚೆಲ್ಲಿದ್ದನ್ನು ಒರೆಸಿ, ಆ ಜಾಗದಿಂದ ಹತ್ತು ಅಡಿಯಾದರೂ ದೂರ ಹೋಗಿ ಸ್ಟಾರ್ಟ್ ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿಗೆ ಸೇರುತ್ತದೆ. ನಮ್ಮ ಕಡೆ ಬಚ್ಚಲ ಒಲೆಯಲ್ಲಿ ಬೆಳಗ್ಗೆ ಹಾಕಿದ ತೆಂಗಿನ ಸಿಪ್ಪೆ ಮಧ್ಯಾಹ್ನದವರೆಗೂ ಕೆಂಡವಾಗಿಯೇ ಇರುತ್ತದೆ ಅಲ್ವಾ? ಆ ಬದಿಗೆ ಕ್ಯಾನ್ ಒಯ್ಯಲೇಬೇಡಿ. ಬೀಡಿ ಸೇದುವವರು ಹತ್ತಿರ ಇದ್ದರೆ ಮುಲಾಜಿಲ್ಲದೆ ದೂರ ಕಳುಹಿಸಿ.

ಪಂಪಿನಿಂದ ತರಲು ನೀರಿನ ಬಾಟಲಿ ಬೇಡ, ಪೆಟ್ರೋಲಿಗೆಂದೇ ಮಾಡಿದ ಕ್ಯಾನ್ ಒಂದು ತೆಗೆದುಕೊಳ್ಳಿ. ತುಂಬಿಸುವಾಗ ಕ್ಯಾನ್ ನೆಲದ ಮೇಲಿರಲಿ. ಜೀಪಿನ ಹಿಂದೆ ರಬ್ಬರ್ ಮ್ಯಾಟಿನ ಮೇಲೆ ಇಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಸಾಧ್ಯತೆ ಇದೆ.

ಇನ್ನು ಆಯಿಲ್. ಮೊದಲು ನಿಮ್ಮ ಮೆಷಿನ್ನಿನ ಎಂಜಿನ್ ಟೂ ಸ್ಟ್ರೋಕಾ ಫೋರ್ ಸ್ಟ್ರೋಕಾ ನೋಡಿ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಏನೂ ಬೆರೆಸುವಂತಿಲ್ಲ, ಅದರ ಆಯಿಲ್ ಬೇರೆ ಕಡೆ ಹಾಕುವುದು. ಟೂ ಸ್ಟ್ರೋಕ್ ಆದರೆ ಪುಸ್ತಕದಲ್ಲಿ ಅಥವಾ ಮುಚ್ಚಳದ ಹತ್ತಿರ ಲೆಕ್ಕ ಇರುತ್ತದೆ. 50:1 ಎಂದಿದ್ದರೆ ಲೀಟರಿಗೆ 20 ಎಂ.ಎಲ್. ಟೂ‌ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್, 25:1 ಎಂದಿದ್ದರೆ 40 ಎಂ.ಎಲ್. ಕಣ್ಣಂದಾಜು ಮಾಡಬೇಡಿ, ಔಷಧಿಯ ಅಳತೆ ಲೋಟ ಒಂದು ಅದಕ್ಕೆಂದೇ ಇಟ್ಟುಕೊಳ್ಳಿ. ಅರ್ಧ ಪೆಟ್ರೋಲ್ ಹಾಕಿ, ಆಯಿಲ್ ಹಾಕಿ ಕುಲುಕಿ, ಉಳಿದರ್ಧ ಹಾಕಿ ಮತ್ತೆ ಕುಲುಕಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಒಂದು ತಿಂಗಳಿಗೆ ಬೇಕಾದಷ್ಟೇ ಬೆರೆಸಿ. ಮೇ ಕೊನೆಯ ಪತ್ತನಾಜೆ ಹೊತ್ತಿಗೆ ಕೆಲಸ ಮುಗಿದರೆ ಟ್ಯಾಂಕ್ ಬರಿದು ಮಾಡಿ, ಮೆಷಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒಳಗಿಡಿ. ಮಳೆಗಾಲ ಪೂರ್ತಿ ಪೆಟ್ರೋಲ್ ಒಳಗೇ ಕೂತರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕಟ್ಟಿಕೊಳ್ಳುವುದು ಗ್ಯಾರಂಟಿ.

ಎಲೆ ಸಿಕ್ಕಿಕೊಂಡರೆ ಮಾಡಬೇಕಾದ್ದು ಒಂದೇ ಕ್ರಮ. ಸ್ವಿಚ್ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಲ್ಲಲಿ, ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿ ಕಿತ್ತು ಬದಿಗಿಡಿ, ಆಮೇಲೆ ಕೊಳವೆ ಬಿಚ್ಚಿ. ಆಗಲೂ ಬೆರಳು ಬೇಡ, ಕೋಲು ಹಾಕಿ ತೆಗೆಯಿರಿ. ಎಲೆ ಪುಡಿ ಮಾಡುವ ಆ ಫ್ಯಾನಿಗೆ ಬೆರಳು ಯಾವ ಲೆಕ್ಕ? ಕೊಳವೆ ಬಿಚ್ಚಿದರೆ ಸ್ಟಾರ್ಟ್ ಆಗದಂತೆ ಕೆಲವು ಮೆಷಿನ್‌ಗಳಲ್ಲಿ ಲಾಕ್ ಇರುತ್ತದೆ. ಕಿರಿಕಿರಿ ಎಂದು ಅದನ್ನು ಕಟ್ಟಿಹಾಕಬೇಡಿ. ಸಿಕ್ಕಿಕೊಳ್ಳುವುದು ಹೆಚ್ಚಾಗಿ ಒದ್ದೆ ಎಲೆ. ಬೆಳಗ್ಗಿನ ಮಂಜಿನ ಹನಿ ಆರಿದ ಮೇಲೆ, ಒಂಬತ್ತು ಗಂಟೆಯ ಹೊತ್ತಿಗೆ ಶುರು ಮಾಡಿದರೆ ಅರ್ಧ ತೊಂದರೆ ಇಲ್ಲ. ಅಡಿಕೆ ಸೋಗೆ, ಹಾಳೆ, ತೆಂಗಿನ ಮಡಲು ಇದರ ಕೆಲಸವೇ ಅಲ್ಲ, ಮೊದಲು ಹೆಕ್ಕಿ ತೆಗೆಯಿರಿ. ಮುರಕಲ್ಲಿನ ಚೂರು, ಗೆರಟೆ ತುಂಡು ಒಳಗೆ ಹೋದರೆ ಫ್ಯಾನ್ ಒಡೆಯುತ್ತದೆ.

ಕಸ ಸುಟ್ಟ ಜಾಗದ ಬೂದಿಯ ಹತ್ತಿರ ಮಾತ್ರ ಕೊಳವೆ ಒಯ್ಯಬೇಡಿ. ಬೂದಿಯೊಳಗಿನ ಒಂದು ಕಿಡಿ ಚೀಲಕ್ಕೆ ಹೋದರೆ ಸಾಕು, ಗಾಳಿ ಊದುವ ಕೆಲಸ ಮೆಷಿನ್ನೇ ಮಾಡುತ್ತದೆ. ಒಣ ಎಲೆ ತುಂಬಿದ ಚೀಲ ನಿಮ್ಮ ಹೆಗಲಲ್ಲಿ ಇರುತ್ತದೆ, ನೆನಪಿರಲಿ. ಪಟ್ಟಿಯನ್ನು ಒಂದೇ ಹೆಗಲಿಗೆ ಹಾಕಿ, ಕತ್ತಿನ ಮೇಲಿಂದ ಅಡ್ಡ ಹಾಕಬೇಡಿ. ಒಂದೇ ಹೆಗಲಲ್ಲಿದ್ದರೆ ತಕ್ಷಣ ಜಾರಿಸಿ ಎಸೆಯಬಹುದು.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನೊಳಗೆ ಒಂದು ಸುತ್ತು ಎಳೆಯೋಣ ಎಂದು ಆಸೆ ಆಗುತ್ತದೆ. ಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತುವ ಹೊತ್ತಿಗೆ ಹೊರಗೆ ಬರಲು ಕಾಲಿಗೆ ಶಕ್ತಿ ಇರುವುದಿಲ್ಲ. ಅಲ್ಲಿಗೆ ಹಿಡಿಸೂಡಿಯೇ ಸರಿ.

ಮಗನ ಕೈಗೆ ಧಾರಾಳವಾಗಿ ಕೊಡಿ. ಆದರೆ ಗಮ್‌ಬೂಟ್, ಕನ್ನಡಕ, ಮಾಸ್ಕ್, ಕಿವಿಗೆ ಇಯರ್ ಮಫ್ ಹಾಕಿಸಿ. ಎಲೆ ರಾಶಿಯ ಅಡಿಯಲ್ಲಿ ಕನ್ನಡಿ ಹಾವು ಮಲಗಿರುವುದುಂಟು, ಅದಕ್ಕೇ ಬೂಟು ಹೇಳಿದ್ದು. ಮೆಷಿನ್ ಶಬ್ದದಲ್ಲಿ ನೀವು ಕೂಗಿದರೂ ಅವನಿಗೆ ಕೇಳುವುದಿಲ್ಲ, ಹಿಂದಿನಿಂದ ಹೋಗಿ ಮುಟ್ಟಬೇಡಿ, ಎದುರು ಬಂದು ಕೈ ಎತ್ತಿ ತೋರಿಸಿ. ಸಣ್ಣ ಮಕ್ಕಳು, ದನಗಳು ಐವತ್ತು ಅಡಿ ದೂರ ಇರಲಿ. ಮೊದಲ ದಿನ ಪೆಟ್ರೋಲ್ ಹಾಕದೆಯೇ ಸ್ವಿಚ್ ಎಲ್ಲಿದೆ, ಪ್ಲಗ್ಗಿನ ಟೊಪ್ಪಿ ಹೇಗೆ ಕೀಳುವುದು, ಚೀಲ ಹೇಗೆ ಜಾರಿಸುವುದು ಎಂದು ಅವನಿಂದಲೇ ನಾಲ್ಕು ಸಲ ಮಾಡಿಸಿ. ಟ್ಯಾಂಕಿನ ಮುಚ್ಚಳದ ಹತ್ತಿರ ಬರೆದದ್ದರ ಫೋಟೋ ಇಲ್ಲಿ ಹಾಕಿದರೆ ಆಯಿಲ್ ಲೆಕ್ಕ ಸರಿಯಾಗಿ ನೋಡಿ ಹೇಳುತ್ತೇನೆ.