ಲೆಕ್ಕ ಕೇಳುವ ತಾರೀಖು ಯಾವುದು?

ತಿಪಟೂರಿನ ಓದುಗರೊಬ್ಬರ ಪತ್ರ: “ಸಂಸತ್ತಿನ ಸಮಿತಿಗಳು ಬಜೆಟ್ಟಿನ ಪೈಸೆ ಪೈಸೆಯನ್ನೂ ತೂಗಿ ನೋಡುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆದವನು. ದುಡ್ಡು ಖರ್ಚಾದ ಮೇಲೆ ಕೂತು ಕೇಳುವುದನ್ನು ತೂಗಿ ನೋಡುವುದು ಅನ್ನುತ್ತಾರಾ? ಅಷ್ಟಕ್ಕೂ ಇವರ ಸಭೆ ಯಾವಾಗ ಅಂತ ತೀರ್ಮಾನಿಸುವವರು ಯಾರು?”

ಉತ್ತರ: ನಮಸ್ಕಾರ. “ಪೈಸೆ ಪೈಸೆ” ಅಂದಿದ್ದು ನಮ್ಮ ಉತ್ಸಾಹ ಜಾಸ್ತಿಯಾಗಿ. ತಪ್ಪು ಒಪ್ಪಿದೆ. ಆದರೆ ನಿಮ್ಮ ಪತ್ರದಲ್ಲೂ ಎರಡು ಬಗೆಯ ಸಮಿತಿಗಳು ಕಲೆತುಹೋಗಿವೆ.

ಖರ್ಚಾದ ಮೇಲೆ ಕೇಳುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದರೆ ಪಿಎಸಿ. 1921ರಿಂದ ಇದೆ. ಲೋಕಸಭೆಯ 15, ರಾಜ್ಯಸಭೆಯ 7 ಸದಸ್ಯರು. 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುತ್ತ ಬಂದಿದ್ದಾರೆ. ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರೂ 2019ರವರೆಗೆ ಆ ಕುರ್ಚಿಯಲ್ಲಿದ್ದರು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಮುಂದಿಟ್ಟುಕೊಂಡು ಇಲಾಖೆಯ ಕಾರ್ಯದರ್ಶಿಗಳನ್ನು ಕರೆಸಿ ಕೇಳುತ್ತಾರೆ. ಇದು ನಿಮ್ಮ ಸಂಘದ ಆಡಿಟ್ ಇದ್ದ ಹಾಗೆ. ಖರ್ಚಾಗದೆ ಆಡಿಟ್ ಮಾಡುವುದು ಹೇಗೆ?

ಖರ್ಚಿಗೆ ಮುಂಚೆ ಕೇಳಬೇಕಾದವು ಇಲಾಖಾವಾರು ಸ್ಥಾಯಿ ಸಮಿತಿಗಳು. 1993ರಲ್ಲಿ ಶುರುವಾದವು, ಈಗ 24 ಇವೆ. ಫೆಬ್ರುವರಿ 1ಕ್ಕೆ ಬಜೆಟ್ ಮಂಡನೆ. ಮೇಲುಮೇಲಿನ ಚರ್ಚೆ ಆದ ಮೇಲೆ ಸದನಕ್ಕೆ ಬಿಡುವು. ಆ ಬಿಡುವಿನಲ್ಲೇ ಅನುದಾನದ ಬೇಡಿಕೆಗಳನ್ನು, ಅಂದರೆ ಇಲಾಖೆಗಳು ಖರ್ಚಿಗೆ ಇಷ್ಟಿಷ್ಟು ಬೇಕು ಎಂದು ಕೇಳುವ ಪಟ್ಟಿಗಳನ್ನು, ಇವರು ನೋಡಿ ಮುಗಿಸಬೇಕು. 2025ರಲ್ಲಿ ಸದನ ಎದ್ದದ್ದು ಫೆಬ್ರುವರಿ 13ಕ್ಕೆ, ಮತ್ತೆ ಸೇರಿದ್ದು ಮಾರ್ಚ್ 10ಕ್ಕೆ. ನಡುವೆ 24 ದಿನ. ಶನಿವಾರ, ಭಾನುವಾರ, ಶಿವರಾತ್ರಿ ಕಳೆಯಿರಿ. ಉಳಿದದ್ದು 15 ದಿನ! ಅಷ್ಟರಲ್ಲಿ ಕಾಗದ ಓದಬೇಕು, ಕಾರ್ಯದರ್ಶಿಗಳನ್ನು ಕೇಳಬೇಕು, ವರದಿ ಬರೆಯಬೇಕು. ಗ್ರಾಮೀಣಾಭಿವೃದ್ಧಿ ಸಮಿತಿಯೊಂದರ ಪಾಲಿಗೇ ಮೂರು ಬಾಬತ್ತು: ಗ್ರಾಮೀಣಾಭಿವೃದ್ಧಿ, ಭೂ ಸಂಪನ್ಮೂಲ, ಪಂಚಾಯತ್ ರಾಜ್.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸಭೆಯ ದಿನ, ಹೊತ್ತು ಗೊತ್ತು ಮಾಡುವವರು ಸಮಿತಿಯ ಅಧ್ಯಕ್ಷರು. ಅಧಿವೇಶನ ಯಾವಾಗ, ಬಿಡುವು ಎಷ್ಟು ದಿನ ಎನ್ನುವುದು ಮಾತ್ರ ಸರ್ಕಾರದ ಕೈಲಿ. ಅಡುಗೆ ಇವರದು, ಒಲೆ ಹಚ್ಚುವ ಹೊತ್ತು ಅವರದು. ನಿಮ್ಮ ಸಂಘದ ಸರ್ವಸದಸ್ಯರ ಸಭೆ ಸೆಪ್ಟೆಂಬರಿನೊಳಗೆ ಆಗಲೇಬೇಕು ಅಲ್ವಾ? ಸಂಸತ್ತಿಗೆ ಆ ಥರದ ಕಟ್ಟು ಇಲ್ಲ. ಎರಡು ಅಧಿವೇಶನದ ನಡುವೆ ಆರು ತಿಂಗಳು ಮೀರಬಾರದು ಎಂದಷ್ಟೇ ಸಂವಿಧಾನ ಹೇಳುತ್ತದೆ.

2024ರಲ್ಲಿ ಏನಾಯಿತು ನೋಡಿ. ಚುನಾವಣೆಯ ವರ್ಷ. ಪೂರ್ಣ ಬಜೆಟ್ ಜುಲೈ 23ಕ್ಕೆ ಬಂತು. ಆಗಸ್ಟಿನಲ್ಲಿ ಒಪ್ಪಿಗೆಯೂ ಆಯಿತು. ಸ್ಥಾಯಿ ಸಮಿತಿಗಳು ರಚನೆಯಾದದ್ದು ಸೆಪ್ಟೆಂಬರ್ ಕೊನೆಗೆ. ಮದುವೆ ಮುಗಿದ ಮೇಲೆ ಜಾತಕ ತೆಗೆದ ಹಾಗೆ, ವರದಿಗಳು ಚಳಿಗಾಲಕ್ಕೆ ಬಂದವು.

ಹೊತ್ತಿಗೆ ಸರಿಯಾಗಿ ವರದಿ ಕೊಟ್ಟರೂ ಕಥೆ ಮುಗಿಯುವುದಿಲ್ಲ. ಸದನ ನಾಲ್ಕೈದು ಇಲಾಖೆಗಳ ಬಗ್ಗೆ ಮಾತಾಡುತ್ತದೆ. ಉಳಿದವನ್ನೆಲ್ಲ ಒಂದೇ ಏಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೊಟಿನ್ ಅಂತ ಹೆಸರು. ಗಿಲೊಟಿನ್ ಅಂದರೆ ತಲೆ ಕಡಿಯುವ ಯಂತ್ರ, ಹೆಸರಿಗೆ ತಕ್ಕ ಕೆಲಸ. 2018ರಲ್ಲಿ, ಮತ್ತೆ 2023ರಲ್ಲಿ, ಆ ನಾಲ್ಕೈದೂ ಚರ್ಚೆಯಾಗಲಿಲ್ಲ. ಗದ್ದಲದ ನಡುವೆ ಪಾಸು. 2023ರ ಬಜೆಟ್ 45 ಲಕ್ಷ ಕೋಟಿ ರೂಪಾಯಿಯದು. ಗದ್ದಲ ಎಬ್ಬಿಸಿದವರಲ್ಲಿ ಎರಡೂ ಕಡೆಯವರು ಇದ್ದರು, ಅದನ್ನೂ ಹೇಳಬೇಕು.

ಹಾಗಾದರೆ ದಾರಿ? ಬಿಡುವನ್ನು ಎರಡು ವಾರ ಹಿಗ್ಗಿಸಿ ಅಂತ ಕೇಳಬಹುದು, ಸರ್ಕಾರ ಒಪ್ಪಬೇಕಷ್ಟೆ. ನನಗೆ ಜಾಸ್ತಿ ಆಸೆ ಇರುವುದು ಅಕ್ಟೋಬರ್ ಮೇಲೆ. ಇಲಾಖೆಗಳು ಮುಂದಿನ ವರ್ಷದ ಅಂದಾಜನ್ನು ಹಣಕಾಸು ಸಚಿವಾಲಯದ ಜತೆ ಕೂತು ಲೆಕ್ಕ ಹಾಕುವುದು ಆಗಲೇ. ಅರ್ಧ ವರ್ಷದ ಖರ್ಚಿನ ಲೆಕ್ಕವೂ ಅಷ್ಟು ಹೊತ್ತಿಗೆ ಕೈಗೆ ಬಂದಿರುತ್ತದೆ. ಕೊಟ್ಟ ದುಡ್ಡಲ್ಲಿ ಎಷ್ಟು ಹಾಗೇ ಬಿದ್ದಿದೆ, ಯಾಕೆ, ಅಂತ ಆಗ ಕಾರ್ಯದರ್ಶಿಯನ್ನು ಕರೆಸಿ ಕೇಳಿದರೆ ಫೆಬ್ರುವರಿಯ 15 ದಿನಕ್ಕೆ ಅರ್ಧ ಕೆಲಸ ಮುಗಿದಿರುತ್ತದೆ. ಆ ಸಭೆಯ ತಾರೀಖು ಹಾಕುವವರು ಅಧ್ಯಕ್ಷರೇ.

ನಿಮ್ಮ ಸಂಸದರು ಯಾವ ಸಮಿತಿಯಲ್ಲಿದ್ದಾರೆ ಅಂತ ಸಂಸತ್ತಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅಕ್ಟೋಬರಿನಲ್ಲಿ ಎಷ್ಟು ಸಭೆ ಆಯಿತು ಎಂದು ಒಂದು ಕಾರ್ಡು ಬರೆದು ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂಪಾದಕ