‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ?

ಸಂದರ್ಶನದಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಅಂದಿದ್ದಕ್ಕೆ ಎದುರಿಗಿದ್ದವರು ನಕ್ಕರು, ಇದರಲ್ಲಿ ತಪ್ಪೇನು ಅಂತ ಕೇಳಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ವಿಜಯಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ವಾಕ್ಯ ನನ್ನ ಕಿವಿಗೆ ಬೀಳದ ವಾರವೇ ಇಲ್ಲ.

ಬಟ್ಟೆ ಅಂಗಡಿ ಕೆಲಸ ಮುಗಿಸಿ ಬರುವ ಹುಡುಗಿಯೊಬ್ಬಳು ಅರ್ಜಿಯಲ್ಲಿ ಹೀಗೇ ಬರೆದಿದ್ದಳು. ನಾನು ‘ಸಿನ್ಸ್’ ಹೊಡೆದುಹಾಕಿ ಮೇಲೆ ‘ಫಾರ್’ ಬರೆದೆ. ಅವಳು ಪೆನ್ನು ಕೆಳಗಿಟ್ಟಳು. “ಸರ್, ‘ಮೂರು ವರ್ಷದಿಂದ’ ಅಂತೀವಿ, ‘ಸೋಮವಾರದಿಂದ’ ಅಂತನೂ ಅಂತೀವಿ. ಎರಡಕ್ಕೂ ‘ಇಂದ’ನ ಐತಲ್ರಿ?”

ಗಂಟು ಇರುವ ಜಾಗಕ್ಕೇ ಕೈ ಹಾಕಿದ್ದಳು. ನಮ್ಮ ಒಂದೇ ‘ಇಂದ’ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಿವೆ. ಹಾಗಾಗಿ ಬಾಯಿಗೆ ‘ಇಂದ’ ಬಂದ ಕೂಡಲೇ ಸ್ವಲ್ಪ ನಿಲ್ಲಿ. ‘ಯಾವಾಗಿನಿಂದ?’ ಅನ್ನೋದಕ್ಕೆ ಉತ್ತರ ಹೇಳುತ್ತಿದ್ದರೆ ಸಿನ್ಸ್. ‘ಎಷ್ಟು ದಿನ, ಎಷ್ಟು ವರ್ಷ?’ ಅನ್ನೋದಕ್ಕಾದರೆ ಫಾರ್. ನಮ್ಮ ಊರಿನ ಹೆಸರು ಅಧಿಕೃತವಾಗಿ ವಿಜಯಪುರ ಆಗಿದ್ದು 2014ರ ನವೆಂಬರ್ 1ರಂದು. ಅದು ಶುರುವಾದ ದಿನ, ಅದಕ್ಕೇ ‘ಸಿನ್ಸ್ 2014’. ಮೊಹಮ್ಮದ್ ಆದಿಲ್ ಶಾಹ್ ತೀರಿಕೊಂಡಿದ್ದು 1656ರಲ್ಲಿ. ಅವನು ಗೋಳಗುಮ್ಮಟದಲ್ಲಿ ಮಲಗಿರುವುದು ‘ಸಿನ್ಸ್ 1656’. ಅದನ್ನೇ ವರ್ಷ ಎಣಿಸಿ ಹೇಳಿದರೆ ‘ಫಾರ್ ಮೋರ್ ದ್ಯಾನ್ 350 ಇಯರ್ಸ್’. ‘ಮುಂಜಾನೆಯಿಂದ ಕರೆಂಟ್ ಇಲ್ಲ’ ಅನ್ನೋದಕ್ಕೆ ಸಿನ್ಸ್, ‘ಬಾಳ ದಿನದಿಂದ’ ಅನ್ನೋದಕ್ಕೆ ಫಾರ್. ‘ಸಿನ್ಸ್ ಲಾಂಗ್ ಟೈಮ್’ ಅಂತ ಜಾಸ್ತಿ ಜನ ಅನ್ನುತ್ತಾರೆ, ಅದೂ ತಪ್ಪೇ.

ನಿಮ್ಮ ವಾಕ್ಯದಲ್ಲಿ ಇನ್ನೊಂದು ಎಡವಟ್ಟಿದೆ. ‘ಕೆಲಸ ಮಾಡ್ತಾ ಇದ್ದೀನಿ’ ಅನ್ನೋದು ನೇರವಾಗಿ ‘ಆಮ್ ವರ್ಕಿಂಗ್’ ಆಗಿದೆ. ಹಿಂದೆ ಶುರುವಾಗಿ ಇವತ್ತಿಗೂ ನಡೆದಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್.’ ನಾಲಿಗೆಗೆ ಕೂರುವವರೆಗೆ ಹತ್ತು ಸಲ ಜೋರಾಗಿ ಹೇಳಿ.

‘ನಾಳೆಯಿಂದ ಬರ್ತೀನಿ’ ಅನ್ನೋದಕ್ಕೆ ಎರಡೂ ಬೇಡ, ‘ಫ್ರಮ್ ಟುಮಾರೋ’ ಅನ್ನಿ. ಸಿನ್ಸ್‌ಗೆ ಶುರು ಆಗಲೇ ಆಗಿಹೋಗಿರಬೇಕು.

ಒಂದು ಕಡೆ ಮಾತ್ರ ‘ಇಂದ’ಕ್ಕೂ ಸಿನ್ಸ್‌ಗೂ ಚೆನ್ನಾಗಿ ಹೊಂದುತ್ತದೆ. ‘ಮಳೆ ಬಂದಿದ್ದರಿಂದ ಬಸ್ ತಡವಾಯಿತು’: ‘ಸಿನ್ಸ್ ಇಟ್ ರೇನ್ಡ್, ದ ಬಸ್ ವಾಸ್ ಲೇಟ್’. ಕಾಲಕ್ಕೂ ಕಾರಣಕ್ಕೂ ಎರಡು ಭಾಷೆಯಲ್ಲೂ ಒಂದೇ ಪದ! ಇದನ್ನು ತೋರಿಸಿದಾಗ ಆ ಹುಡುಗಿಯ ಮುಖ ಅರಳಿತು. “ಹಂಗಾರ ಇಲ್ಲಿ ನಮ್ಮ ‘ಇಂದ’ ನಡೀತೈತಿ” ಅಂತ ನೋಟ್‌ಬುಕ್ಕಿನಲ್ಲಿ ಆ ವಾಕ್ಯಕ್ಕೆ ಗೆರೆ ಎಳೆದುಕೊಂಡಳು.