ಡೌಟು, ರಿವರ್ಟು ಮತ್ತು ನಮ್ಮ ‘ಇಂದ’

ಜನ ಇಂಗ್ಲಿಷಿನಲ್ಲಿ ಮಾಡುವ ಯಾವ ತಪ್ಪುಗಳು ಕಿರಿಕಿರಿ ತರುತ್ತವೆ ಎಂದು ಕೇಳಿದ್ದೀರಿ. ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ನನ್ನದು. ಹೊರದೇಶದ ಗಿರಾಕಿಗಳಿಗೆ ಹೋಗುವ ಮೇಲ್‌ಗಳನ್ನು ಓದಿ, ತಿದ್ದಿ ಕಳಿಸುತ್ತೇನೆ. ಹಾಗಾಗಿ ಇಂಥವು ದಿನವೂ ಕಣ್ಣಿಗೆ ಬೀಳುತ್ತವೆ. ವ್ಯಾಕರಣ ತಪ್ಪಿದರೂ ಹೇಳಬೇಕಾದ್ದು ತಲುಪಿದರೆ ನನಗೇನೂ ಬೇಜಾರಿಲ್ಲ. ವ್ಯಾಕರಣವೆಲ್ಲ ಸರಿಯಿದ್ದು ಅರ್ಥವೇ ಬೇರೆಯಾದರೆ ತಲೆಬಿಸಿ.

ಮೊದಲನೆಯದು ‘ಡೌಟ್’. ‘ಮಿಸ್, ಒಂದು ಡೌಟು’ ಎಂದು ಕೈ ಎತ್ತಿ ಬೆಳೆದವರು ನಾವು. ನಮಗೆ ಡೌಟು ಅಂದರೆ ಕೇಳಬೇಕಾದ ಪ್ರಶ್ನೆ. ಇಂಗ್ಲೆಂಡ್, ಅಮೆರಿಕದವರಿಗೆ ಅದು ಅನುಮಾನ. ನಮ್ಮ ಹುಡುಗನೊಬ್ಬ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಇನ್‌ವಾಯ್ಸ್’ ಎಂದು ಬರೆದು ನೇರ ಕಳಿಸಿಬಿಟ್ಟಿದ್ದ. ಅವನಿಗೆ ಬೇಕಿದ್ದದ್ದು ಬಿಲ್ಲಿನ ತಾರೀಕು, ಅಷ್ಟೇ. ಆ ಕಡೆಯವರು ತಮ್ಮ ಲೆಕ್ಕವನ್ನೇ ನಂಬುತ್ತಿಲ್ಲ ಅಂದುಕೊಂಡರು. ಮ್ಯಾನೇಜರಿಗೂ ಕಾಪಿ ಹಾಕಿ ಮೂರು ಪ್ಯಾರಾ ವಿವರಣೆ ಬರೆದರು. ‘ಕ್ವೆಶ್ಚನ್’ ಎಂದಿದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಪಾಪ, ಆ ಹುಡುಗ ಎರಡು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡಿದ.

‘ರಿವರ್ಟ್’ ಕೂಡ ಹೀಗೇ. ನಮ್ಮಲ್ಲಿ ‘ಪ್ಲೀಸ್ ರಿವರ್ಟ್’ ಅಂದರೆ ಉತ್ತರ ಕೊಡಿ ಎಂದು. ಅಲ್ಲಿಯವರಿಗೆ ಮೊದಲಿದ್ದ ಸ್ಥಿತಿಗೆ ಮರಳುವುದು. ಸಾಫ್ಟ್‌ವೇರ್ ಕೆಲಸದಲ್ಲಂತೂ ಮಾಡಿದ ಬದಲಾವಣೆಯನ್ನು ವಾಪಸ್ ತೆಗೆಯುವುದು. ‘ಫೈಲ್ ಅಪ್‌ಡೇಟ್ ಮಾಡಿದ್ದೇವೆ, ಪ್ಲೀಸ್ ರಿವರ್ಟ್’ ಎಂದು ಬರೆದರೆ ಓದಿದವರು ಏನು ಮಾಡಬೇಕು ಹೇಳಿ? ‘ರಿಪ್ಲೈ’ ಎಂಬ ಸಲೀಸಾದ ಪದ ಇದೆಯಲ್ವಾ? ‘ಪಾಸ್ಡ್ ಔಟ್’ ಸಹ ಅಷ್ಟೆ. ನಾವು ಕಾಲೇಜು ಮುಗಿಸಿದೆ ಎನ್ನುತ್ತೇವೆ, ಕೇಳಿದವರಿಗೆ ಎಚ್ಚರ ತಪ್ಪಿ ಬಿದ್ದೆ ಎಂದು ಕೇಳಿಸುತ್ತದೆ.

ಇನ್ನು ಕೆಲವು ತಪ್ಪುಗಳ ಬೇರು ಕನ್ನಡದಲ್ಲೇ ಇದೆ. ಇವುಗಳ ಮೇಲೆ ನನಗೆ ಸಿಟ್ಟು ಬರುವುದೇ ಇಲ್ಲ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎನ್ನುವುದನ್ನೇ ನೋಡಿ. ‘2019ರಿಂದ ಇಲ್ಲಿದ್ದೇನೆ’, ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಎರಡಕ್ಕೂ ನಮ್ಮಲ್ಲಿ ‘ಇಂದ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಶುರುವಾದ ವರ್ಷ ಹೇಳಿದರೆ ‘ಸಿನ್ಸ್’, ಎಷ್ಟು ಕಾಲ ಎಂದು ಹೇಳಿದರೆ ‘ಫಾರ್’. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಆಗಬೇಕು. ಹೊಸಬರಿಗೆ ನಾನು ಈ ‘ಇಂದ’ದ ಕಥೆ ಹೇಳುತ್ತೇನೆ. ಸುಮ್ನೆ ತಪ್ಪು ಎಂದರೆ ಮರುದಿನ ಮರೆಯುತ್ತಾರೆ. ಯಾಕೆ ತಪ್ಪುತ್ತದೆ ಎಂದು ಗೊತ್ತಾದವರು ಬರೆಯುವಾಗ ತಾವೇ ನಿಲ್ಲುತ್ತಾರೆ.

‘ಡಿಡ್ ಯೂ ವೆಂಟ್’ ಕೂಡ ಹೀಗೆ ಬಂದದ್ದು. ‘ಹೋದೆಯಾ’ ಎನ್ನುವಾಗ ಕಾಲ ಹೇಳುವುದು ‘ಹೋದೆ’. ಇಂಗ್ಲಿಷಿನಲ್ಲಿ ‘ಡಿಡ್’ ಆ ಕೆಲಸ ಮುಗಿಸಿಬಿಟ್ಟಿರುತ್ತದೆ, ಉಳಿಯುವುದು ಬರೀ ‘ಗೋ’. ‘ಡಿಸ್ಕಸ್ ಅಬೌಟ್’ನಲ್ಲಿ ಇರುವುದು ನಮ್ಮ ‘ಬಗ್ಗೆ’, ಇಂಗ್ಲಿಷಿನಲ್ಲಿ ಬರೀ ‘ಡಿಸ್ಕಸ್’ ಸಾಕು. ಆದರೆ ‘ಒನ್ ಆಫ್ ಮೈ ಫ್ರೆಂಡ್’ಗೆ ಮಾತ್ರ ಕನ್ನಡವನ್ನು ದೂರುವ ಹಾಗಿಲ್ಲ. ‘ನನ್ನ ಗೆಳೆಯರಲ್ಲಿ ಒಬ್ಬ’ ಎನ್ನುತ್ತೇವೆ, ‘ಗೆಳೆಯನಲ್ಲಿ ಒಬ್ಬ’ ಎನ್ನುವುದಿಲ್ಲ. ಇಲ್ಲಿ ಕನ್ನಡವೇ ಸರಿದಾರಿ ತೋರಿಸುತ್ತದೆ, ‘ಫ್ರೆಂಡ್ಸ್’ ಎಂದೇ ಬರೆಯಿರಿ.

ಇಂಗ್ಲಿಷ್ ಮನೆಮಾತಾದವರೂ ತಪ್ಪುತ್ತಾರೆ. ‘ಕುಡ್ ಹ್ಯಾವ್’ನ ‘ಹ್ಯಾವ್’ ಬಾಯಲ್ಲಿ ಸವೆದು ‘ಆಫ್’ ಎಂದಂತೆ ಕೇಳಿಸುವುದರಿಂದ ‘ಕುಡ್ ಆಫ್’ ಎಂದು ಬರೆದುಬಿಡುತ್ತಾರೆ. ಕಿವಿಯಿಂದ ಕಲಿತವರ ತಪ್ಪು ಅದು. ಪುಸ್ತಕದಿಂದ ಕಲಿತ ನಮ್ಮವರಲ್ಲಿ ನಾನು ಅದನ್ನು ಕಂಡದ್ದು ಕಡಿಮೆ.

ತಪ್ಪೇ ಅಲ್ಲದ್ದನ್ನು ತಪ್ಪು ಎಂದು ತಿದ್ದುವವರೂ ಇದ್ದಾರಲ್ಲ, ಅದು ಇನ್ನೂ ಜಾಸ್ತಿ ಕಿರಿಕಿರಿ. ವಾಕ್ಯದ ಕೊನೆಯಲ್ಲಿ ‘ವಿತ್’, ‘ಫಾರ್’ ಬರಬಾರದು ಎನ್ನುತ್ತಾರೆ. 1672ರಲ್ಲಿ ಜಾನ್ ಡ್ರೈಡನ್ ಎಂಬ ಕವಿ, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ ಹೀಗೆ ತಪ್ಪು ಹುಡುಕಿದ್ದ. ಆದರೆ ಜನ ಅದಕ್ಕೂ ಮೊದಲಿನಿಂದ ಹಾಗೇ ಬರೆಯುತ್ತಿದ್ದರು, ಈಗಲೂ ಬರೆಯುತ್ತಾರೆ. ‘ಲೆಸ್’, ‘ಫ್ಯೂಯರ್’ ಜಗಳವೂ ಅಂಥದ್ದೇ. 1770ರಲ್ಲಿ ರಾಬರ್ಟ್ ಬೇಕರ್ ಎಂಬುವನು ಎಣಿಸುವ ವಸ್ತುಗಳಿಗೆ ‘ಫ್ಯೂಯರ್’ ಚೆನ್ನ ಎಂದು ತನ್ನ ಅಭಿಪ್ರಾಯ ಬರೆದ. ಆಮೇಲೆ ಬಂದವರು ಅದನ್ನೇ ಕಟ್ಟಳೆ ಮಾಡಿದರು.

‘ಕಸಿನ್ ಬ್ರದರ್’ ಎಂದವರನ್ನೂ ನಾನು ತಿದ್ದುವುದಿಲ್ಲ. ನಮ್ಮಲ್ಲಿ ಚಿಕ್ಕಪ್ಪನ ಮಗ ಅಣ್ಣನೋ ತಮ್ಮನೋ ಆಗುತ್ತಾನೆ. ಸೋದರಮಾವನ ಮಗ ಹಾಗಲ್ಲ, ಎಷ್ಟೋ ಮನೆಗಳಲ್ಲಿ ಅವನಿಗೇ ಹೆಣ್ಣು ಕೊಡುತ್ತಾರೆ. ಇಬ್ಬರನ್ನೂ ಬರೀ ‘ಕಸಿನ್’ ಎಂದರೆ ನಮ್ಮವರಿಗೆ ಹೇಗೆ ಸಮಾಧಾನವಾದೀತು? ‘ಪ್ರೀಪೋನ್’, ಅಂದರೆ ಗೊತ್ತಾದ ತಾರೀಕಿಗಿಂತ ಮೊದಲೇ ಇಟ್ಟುಕೊಳ್ಳುವುದು, ಅಂತೂ ಒಳ್ಳೆಯ ಪದ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. ನಮ್ಮ ಆಫೀಸಿನೊಳಗೆ ನಾನೂ ಅದನ್ನೇ ಬರೆಯುತ್ತೇನೆ. ಹೊರದೇಶಕ್ಕೆ ಹೋಗುವ ಮೇಲ್‌ನಲ್ಲಿ ಮಾತ್ರ ‘ಬ್ರಿಂಗ್ ಫಾರ್ವರ್ಡ್’ ಎಂದು ಹಾಕಿ, ಪಕ್ಕದಲ್ಲೇ ಹೊಸ ತಾರೀಕು ಬರೆದುಬಿಡುತ್ತೇನೆ.